ಎರಡು ತೂತು ಬಾಕಿ ಇದ್ದ ಜೀಪು

ಹಿರಿಯೂರಿನಲ್ಲಿ ಶರೀಫಕ್ಕನ ಶೆಡ್ಡಿನಿಂದ ಒಂದು ಸ್ಕೂಟರಿನ ಸೀಟು ಆಚೆ ಹೋಗಬೇಕಾದರೂ ಚೀಟಿಗೆ ಸಹಿ ಬೀಳಬೇಕು. ಟ್ರ್ಯಾಕ್ಟರಿನ ಟಾಪಾಗಲಿ, ಲಾರಿಯ ಟಾರ್ಪಾಲಾಗಲಿ, ಯಾವುದೋ ಮದುಮಗನ ಬುಲೆಟ್ಟಿಗೆ ಹೊಲಿದ ಕೆಂಪು ಗಾದಿಯಾಗಲಿ, "ಮುಟ್ಟಿತು" ಅಂತ ಬರೆದು ಕೆಳಗೆ ಹೆಸರು, ತಾರೀಕು. ಬರೆಯಲು ಬಾರದವರಿಗೆ ಹೆಬ್ಬೆಟ್ಟಿನ ಪ್ಯಾಡು ಮೆಷಿನ್ನಿನ ಪಕ್ಕದಲ್ಲೇ ಇರುತ್ತದೆ.

"ಅಕ್ಕಾ, ಇಪ್ಪತ್ತು ವರ್ಷದಿಂದ ಬರ್ತಾ ಇದೀನಿ. ನಾನೇನು ಸೀಟು ಎತ್ಕಂಡು ಆಂಧ್ರಕ್ಕೆ ಓಡೋಗ್ತೀನಾ?" ಅಂತ ಜವನಗೊಂಡನಹಳ್ಳಿಯ ಗೊಲ್ಲಪ್ಪ ಪ್ರತಿ ಸಲವೂ ಗೊಣಗುತ್ತಾನೆ.

"ಓಡೋಗು. ಯಾರು ಬ್ಯಾಡ ಅಂದ್ರು? ಸಹಿ ಹಾಕಿ ಓಡೋಗು."

ಊರಲ್ಲಿ ಅವಳಿಗೆ ಚೀಟಿ ಶರೀಫಾ ಅಂತಲೇ ಹೆಸರು. ಪೂರಾ ಹೆಸರು ಶರೀಫುನ್ನೀಸಾ. ವಯಸ್ಸು ಅರವತ್ತು. ಗಂಡ ತೀರಿಕೊಂಡು ಹನ್ನೆರಡು ವರ್ಷವಾಯಿತು, ಮಗಳು ಆಲಿಯಾ ಚಿತ್ರದುರ್ಗದಲ್ಲಿ ನರ್ಸು. ಕ್ಯಾನ್ವಾಸು ಹೊಲಿಯುವ ಕೈ ನೋಡಬೇಕು ಅಂದರೆ ಅವಳದ್ದನ್ನೇ ನೋಡಬೇಕು. ಬಲಗೈಯ ಅಂಗೈಯಲ್ಲಿ ಚರ್ಮದ ಪಟ್ಟಿ, ಬಾಯಲ್ಲಿ ಮೇಣ ಹಚ್ಚಿದ ದಾರ, ತೊಡೆಯ ಮೇಲೆ ಎರಡು ಮಣ ತೂಕದ ಬಟ್ಟೆ. ಮಳೆ ಬಂದರೆ ಒಂದು ಹನಿ ಒಳಗಿಳಿಯದ ಹುಡ್ಡು, ಅಂದರೆ ಜೀಪಿನ ಕ್ಯಾನ್ವಾಸಿನ ಚಾವಣಿ, ಬೇಕಾದವರು ತುಮಕೂರಿನಿಂದಲೂ ಇಲ್ಲಿಗೇ ಬರುತ್ತಾರೆ.

ಸಿಟ್ಟಿಗೂ ಹೆಸರಾದವಳೇ. ಆದರೆ ಅದು ಒಲೆಯ ಉರಿಯ ಹಾಗೆ ಭಗ್ಗೆಂದು ಎದ್ದು ಆರುವ ಸಿಟ್ಟಲ್ಲ. ದುರ್ಗದ ಬಂಡೆಗೆ ಬಿದ್ದ ಬಿಸಿಲಿನಂಥದ್ದು, ಹೊತ್ತು ಮುಳುಗಿದ ಮೇಲೂ ಕೈಯಿಟ್ಟರೆ ಸುಡುತ್ತದೆ. ಆ ಬಿಸಿಲು ಬಿದ್ದದ್ದು ಯಾವತ್ತು ಅನ್ನುವುದು ಬೀದಿಯ ಹಳಬರಿಗೆಲ್ಲ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ.

ಹೋದ ಮಾರ್ಚಿನಲ್ಲಿ ಒಂದು ಬುಧವಾರ ಶೆಡ್ಡಿನ ಮುಂದೆ ಬಿಳಿ ಕಾರು ನಿಂತಿತು. ಇಳಿದವನು ಮೂವತ್ತೈದು ದಾಟಿದ ಹುಡುಗ, ಬಿಳಿ ಅಂಗಿ, ಕೈಯಲ್ಲಿ ಎರಡೆರಡು ಫೋನು. ಹೊಳಲ್ಕೆರೆ ಕಡೆಯವನು, ಹೆಸರು ಮೋಹನ್‌ಕುಮಾರ್. ಹಳೇ ಗಾಡಿಗಳ ಹುಚ್ಚು.

"ಬರ್ರಿ, ಕುಂತ್ಕಳ್ರಿ," ಅಂದಳು ಶರೀಫಕ್ಕ, ಕಣ್ಣು ಎತ್ತದೆ. "ನೀರು ಕುಡೀರಿ ಮೊದ್ಲು. ಆಮೇಲೆ ಮಾತು."

ಅವನು ನೀರು ಕುಡಿದು ಫೋನು ತೆಗೆದ. ಒಂದು ಜೀಪಿನ ಫೋಟೋ. ಹಸಿರು ಬಣ್ಣ ಹೊಸದಾಗಿ ಬಳಿದದ್ದು, ಇನ್ನೂ ಮಿರಮಿರ ಮಿಂಚುತ್ತಿತ್ತು.

"ಅಕ್ಕಾ, ಇದು ಯಾವ ಗಾಡಿ ಅಂತ ಯಾರಿಗೂ ತಿಳೀವಲ್ದು. ನಂಬರ್ ಪ್ಲೇಟಿಲ್ಲ. ಚಾಸಿ ನಂಬರನ್ನ ಯಾರೋ ಅರದಿಂದ ಉಜ್ಜಿ ಹಾಕವ್ರೆ. ನಮ್ಮ ಗ್ರೂಪಿನಾಗೆ ಒಬ್ಬ ಮಹೀಂದ್ರ ಅಂತಾನೆ, ಒಬ್ಬ ಎರಡನೇ ಮಹಾಯುದ್ಧದ ಕಾಲದ್ದು ಅಂತಾನೆ. ಮುಂದುಗಡೆ ಗ್ರಿಲ್ಲಿಗೆ ಒಂಬತ್ತು ಸೀಳು ಐತೆ, ಹಂಗಾದ್ರೆ ಮಿಲಿಟರಿದು. ಆದ್ರೆ ಮಿಲಿಟರಿವಕ್ಕೆಲ್ಲ ಸ್ಟೇರಿಂಗು ಎಡಕ್ಕಿರ್ತದೆ, ಇದಕ್ಕೆ ಬಲಕ್ಕೈತೆ. ತಲೆ ಕೆಟ್ಟು ಹೋಗೈತೆ. ಮುಂದಿನ ತಿಂಗ್ಳು ದುರ್ಗದ ಕೋಟೆ ಕೆಳಗೆ ಹಳೇ ಗಾಡಿಗಳ ಶೋ ಐತೆ. ಅಷ್ಟರೊಳಗೆ ಹುಡ್ಡು ಆಗ್ಬೇಕು. ನೀವೇ ಹೊಲಿಬೇಕು."

"ಎಲ್ಲಿ ಸಿಕ್ತು?"

"ಚಿಕ್ಕಜಾಜೂರಲ್ಲಿ ನಮ್ದೊಂದು ಹಳೇ ಗೋದಾಮಿತ್ತು, ರೈಲ್ವೆ ಗೇಟಿನ ಹತ್ರ. ಮಳೇಲಿ ಚಾವಣಿ ಬಿತ್ತು. ಶೇಂಗಾ ಹೊಟ್ಟಿನ ಚೀಲದ ಹಿಂದೆ ಒಂದು ಗೋಡೆ, ಗೋಡೆ ಹಿಂದೆ ಇದು. ಅಲ್ಲೇ ಕಾವಲಿಗೆ ನಮ್ಮಜ್ಜನ ಕಾಲದವನು ಒಬ್ಬ ಮುದುಕ ಅವ್ನೆ, ಓಬಣ್ಣ ಅಂತ. ಕೇಳಿದ್ರೆ ಅವನೂ ನಂಗೊತ್ತಿಲ್ಲ ಅಂತಾನೆ."

ಶರೀಫಕ್ಕನ ಬಾಯಲ್ಲಿದ್ದ ದಾರ ಕಟ್ಟೆಂದು ತುಂಡಾಯಿತು.

"ನಿಮ್ಮಜ್ಜನ ಹೆಸರೇನಪ್ಪ?"

"ಪರಮೇಶ್ವರಪ್ಪ. ಅದಿರಿನ ಲಾರಿ ಇಟ್ಟಿದ್ರಲ್ಲ, ಹೊಳಲ್ಕೆರೆ ಪರಮೇಶ್ವರಪ್ಪ. ತೀರ್ಕಂಡು ಬಾಳ ವರ್ಷ ಆತು."

ಅವಳು ಸೂಜಿಯನ್ನು ಮೇಣದ ಉಂಡೆಗೆ ಚುಚ್ಚಿಟ್ಟಳು. ಎದ್ದು ಬುರ್ಖಾ ಹಾಕಿಕೊಂಡಳು. "ನಡಿ, ಹೋಗಾಣ. ಅಳತೆ ತಗಬೇಕಲ್ಲ," ಅಂದಳು. ಪಕ್ಕದ ಪಂಕ್ಚರ್ ಅಂಗಡಿಯ ಮುಝಫರ್ ಬಾಯಿ ಬಿಟ್ಟು ನೋಡಿದ. ಇಪ್ಪತ್ತು ವರ್ಷದಲ್ಲಿ ಶರೀಫಕ್ಕ ಅಳತೆಗೆ ಅಂತ ಗಿರಾಕಿಯ ಊರಿಗೆ ಹೋದವಳಲ್ಲ, ಗಾಡಿಯೇ ಅವಳ ಹತ್ತಿರ ಬರಬೇಕಿತ್ತು.

ಕಾರಿನಲ್ಲಿ ಮೋಹನ್‌ಕುಮಾರ್‌ಗೆ ಮಾತೇ ಮಾತು. ಒಳ್ಳೆಯ ಹುಡುಗನೇ, ಯಾರ ಹತ್ತಿರ ಏನು ಹೇಳುತ್ತಿದ್ದೇನೆ ಅಂತ ಪಾಪ ಅವನಿಗೆ ತಿಳಿಯದು. "ನಮ್ಮಜ್ಜಂದು ಇನ್ನೊಂದು ಜೀಪಿತ್ತಂತೆ ಅಕ್ಕಾ. ಅದು ಕಳುವಾತಂತೆ. ನಿಮ್ಮ ಹಿರಿಯೂರಲ್ಲೇ ಯಾವನೋ ಮಿಸ್ತ್ರಿ ರಿಪೇರಿಗೆ ಬಿಟ್ಟಿದ್ದನ್ನ ಮಾರ್ಕಂಡು ತಿಂದ್ನಂತೆ. ಇದು ಅದಕ್ಕೂ ಹಿಂದಿಂದಿರ್ಬೇಕು."

ಸೀಟಿನ ರೆಕ್ಸಿನ್ನಿಗೆ ಶರೀಫಕ್ಕನ ಉಗುರು ನಾಟಿದ್ದು ಹೊಳಲ್ಕೆರೆ ಬರುವವರೆಗೂ ನಾಟೇ ಇತ್ತು.

ಆ "ಯಾವನೋ ಮಿಸ್ತ್ರಿ" ಅವಳಪ್ಪ, ಜಬೀವುಲ್ಲಾ.

ಎಪ್ಪತ್ತೆಂಟರ ಮಾತು. ಜಬೀವುಲ್ಲಾ ಮಿಸ್ತ್ರಿ ಅಂದರೆ ನಾಲ್ಕು ತಾಲ್ಲೂಕಿಗೂ ಗೊತ್ತು. ಎಡಚ. ಸ್ಪ್ಯಾನರು, ಸುತ್ತಿಗೆ, ಗ್ಯಾಸಿನ ಟಾರ್ಚು ಎಲ್ಲ ಎಡಗೈಯಲ್ಲೇ. ಮಾರಿಕಣಿವೆ ಕೆರೆಯಿಂದ ಮೀನು ತರುವವರು ಅವನು ಬೆಸುಗೆ ಹಾಕುವುದನ್ನು ನೋಡುತ್ತಾ ನಿಲ್ಲುತ್ತಿದ್ದರು. ಬೆಸುಗೆ ತಣ್ಣಗಾದ ಮೇಲೆ ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಕೂತಿರುತ್ತಿತ್ತು. ಎಲ್ಲರ ಹುರುಪೆ ಒಂದು ಕಡೆಗೆ ಮಲಗಿದರೆ ಅವನದ್ದು ಇನ್ನೊಂದು ಕಡೆಗೆ. "ನಮ್ಮ ಮಿಸ್ತ್ರಿ ಮೀನು ಹಿಂದಕ್ಕೆ ಈಜ್ತದೆ," ಅಂತ ನಗುತ್ತಿದ್ದರು.

ಆ ವರ್ಷ ಪರಮೇಶ್ವರಪ್ಪ ಧಣಿ ಒಂದು ಜೀಪು ಕಳಿಸಿದ. ಮಿಲಿಟರಿಯವರು ಹರಾಜು ಹಾಕಿದ್ದರಲ್ಲಿ ಅವನಪ್ಪ ಯಾವಾಗಲೋ ಹಿಡಿದಿದ್ದ ಗಾಡಿ. ಎಡಕ್ಕಿದ್ದ ಸ್ಟೇರಿಂಗನ್ನು ಬಲಕ್ಕೆ ತರಬೇಕು, ಹುಡ್ಡನ್ನು ಎತ್ತಿ ಹಿಡಿಯುವ ಕಬ್ಬಿಣದ ಕಮಾನು ಕೂರಿಸಬೇಕು, ಇದು ಕೆಲಸ. ಜಬೀವುಲ್ಲಾ ಎರಡು ತಿಂಗಳು ದುಡಿದ. ಹದಿನಾಲ್ಕು ವರ್ಷದ ಮಗಳು ಶರೀಫಾ ಶಾಲೆ ಬಿಟ್ಟವಳು, ಅಪ್ಪನ ಪಕ್ಕದಲ್ಲಿ ನಟ್ಟು ಬೋಲ್ಟು ತೊಳೆದುಕೊಡುತ್ತಾ ಎಲ್ಲಾ ನೋಡಿದಳು.

ಗಾಡಿ ಬಿಡುವಾಗ ಡ್ರೈವರ ಕೈಲಿ ನೋಟ್‌ಬುಕ್ಕಿಗೆ ಸಹಿ ಹಾಕಿಸಿಕೊಳ್ಳುವುದು ಜಬೀವುಲ್ಲಾನ ಪದ್ಧತಿ. ಆದರೆ ಅದರಲ್ಲೊಂದು ವಿನಾಯ್ತಿ ಇತ್ತು. ತನ್ನ ಜೊತೆ ಒಂದೇ ಬೋಸಿಯಲ್ಲಿ ಉಂಡ ಡ್ರೈವರನ ಹತ್ತಿರ ಸಹಿ ಕೇಳುತ್ತಿರಲಿಲ್ಲ. ಕೇಳಿದರೆ ಅವಮಾನ. ಆ ಕಾಲದ ಮಿಸ್ತ್ರಿಗಳಿಗೂ ಡ್ರೈವರುಗಳಿಗೂ ನಡುವೆ ಇದ್ದ ಮರ್ಯಾದೆ ಅದು, ಅವನು ಕೆಟ್ಟದ್ದೂ ಅದರಿಂದಲೇ. ಧಣಿಯ ಡ್ರೈವರು ಓಬಣ್ಣ ಹತ್ತು ವರ್ಷದಿಂದ ಅವನ ಬೋಸಿಯಲ್ಲಿ ಉಂಡವನು. ಶರೀಫಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮಾರಿಕಣಿವೆ ಕಟ್ಟೆ ತೋರಿಸಿದವನು.

ಬಕ್ರೀದು ಮುಗಿದ ವಾರದ ಶುಕ್ರವಾರ. ಜುಮ್ಮಾ ನಮಾಜಿಗೆ ಹೊತ್ತಾಗುತ್ತಿತ್ತು. ಅಪ್ಪ ಹಿಂಬದಿಯ ಎಡಗಡೆಗೆ ಕಮಾನಿನ ಬ್ರಾಕೆಟ್ಟು ಕೂರಿಸುತ್ತಿದ್ದ. ಒಂದೊಂದು ಬ್ರಾಕೆಟ್ಟಿಗೂ ನಾಲ್ಕು ತೂತು. ಬಲಗಡೆಯದು ಮುಗಿದಿತ್ತು. ಎಡಗಡೆ ನಾಲ್ಕೂ ಕಡೆ ಮೊಳೆಯಿಂದ ಗುರುತು ಹೊಡೆದು ಎರಡು ತೂತು ಕೊರೆದಾಗಿತ್ತು. ಶರೀಫಾ ಬ್ರಾಕೆಟ್ಟು ಒತ್ತಿ ಹಿಡಿದಿದ್ದಳು. ಆಗ ಓಬಣ್ಣ ಬಂದ.

"ಮಿಸ್ತ್ರಿ, ಧಣಿಗೆ ಈಗ್ಲೇ ಗಾಡಿ ಬೇಕಂತೆ."

"ಲೇ, ಇನ್ನೂ ಎರಡು ತೂತು ಬಾಕಿ ಐತೆ."

"ಹುಡ್ಡೇ ಇಲ್ವಲ್ಲ, ತೂತಿಗೇನವಸ್ರ? ನಾಳೆ ತಂದು ನಿಲ್ಲಿಸ್ತೀನಿ."

ಅಪ್ಪ ಕೈ ಒರೆಸಿಕೊಂಡು ಎರಡೇ ಬೋಲ್ಟು ಬಿಗಿದು ಮಸೀದಿಗೆ ಹೋದ. ಓಬಣ್ಣ ಗಾಡಿ ಹತ್ತಿ ಶರೀಫಾಳ ಕೆನ್ನೆ ಹಿಂಡಿ ಹೊರಟ.

ನಾಲ್ಕನೇ ದಿನ ಪರಮೇಶ್ವರಪ್ಪ ಬಂದು ಶೆಡ್ಡಿನ ಮುಂದೆ ಬೀದಿಯ ಮಧ್ಯೆ ಕುರ್ಚಿ ಹಾಕಿಸಿಕೊಂಡು ಕೂತ. "ನನ್ನ ಜೀಪೆಲ್ಲಿ?" ಅಂದ. ಓಬಣ್ಣ ಒಯ್ದ ಅಂದರೆ, ಓಬಣ್ಣ ಎಲ್ಲರೆದುರು ನಿಂತು ತನ್ನ ಮಕ್ಕಳ ತಲೆಯಾಣೆ ಮಾಡಿದ. "ನಾನು ಆವತ್ತು ಹಿರಿಯೂರಿಗೇ ಬಂದಿಲ್ಲ." ಸಹಿ ತೋರಿಸು ಅಂದರೆ ಸಹಿ ಎಲ್ಲಿದೆ? ಶರೀಫಾ ಚೀರಿದಳು, "ನಾನು ನೋಡೀನಿ, ಇವನೇ ಒಯ್ದಿದ್ದು!" ಧಣಿ ಅವಳ ಕಡೆ ತಿರುಗಲೂ ಇಲ್ಲ. "ಮಿಸ್ತ್ರಿ, ಕಳ್ಳತನಕ್ಕೆ ಹೆಣ್ಮಗಳ ಬಾಯಿ ಬ್ಯಾರೆ ಸೇರ್ಸ್ಕಂಡಿಯಾ?" ಅಂದ. ಬೀದಿ ನಕ್ಕಿತು. ಎಲ್ಲರೂ ನಗಲಿಲ್ಲ ನಿಜ. ನಗದವರು ನೆಲ ನೋಡಿದರು.

ಧಣಿ ಪೊಲೀಸರ ಹತ್ತಿರ ಹೋಗಲಿಲ್ಲ. "ಹೋಗ್ಲಿ, ಬಡವ ಬದುಕ್ಕಳ್ಲಿ," ಅಂದ. ಊರು ಅವನನ್ನು ದೊಡ್ಡ ಮನಸ್ಸಿನವನು ಅಂತು. ಅವನು ಹೋಗದಿದ್ದದ್ದು ಯಾಕೆ ಅಂತ ಶರೀಫಕ್ಕನಿಗೆ ಹೊಳೆಯುವ ಹೊತ್ತಿಗೆ ಅವಳಿಗೆ ಮೂವತ್ತಾಗಿತ್ತು. ಜೀಪು ಕಳುವಾದ ವರ್ಷ ಆ ಮನೆಯಲ್ಲಿ ಅಣ್ಣ ತಮ್ಮಂದಿರ ಪಾಲು ನಡೆಯುತ್ತಿತ್ತು. ಜೀಪು ತಮ್ಮನ ಪಾಲಿಗೆ ಹೋಗಬೇಕಿತ್ತು. ಕಳುವಾದ ಜೀಪನ್ನು ಯಾರು ಪಾಲು ಕೇಳುತ್ತಾರೆ?

ಆಮೇಲೆ ಜಬೀವುಲ್ಲಾನ ಶೆಡ್ಡಿಗೆ ಗಾಡಿ ಬರುವುದು ನಿಂತಿತು. ನಾಲ್ಕು ತಾಲ್ಲೂಕಿನ ಇಂಜಿನ್ನಿನ ನಾಡಿ ಹಿಡಿದವನು ಸೀಮೆಎಣ್ಣೆ ಸ್ಟೋವಿನ ಪಿನ್ನು ಚುಚ್ಚುತ್ತಾ ಹದಿಮೂರು ವರ್ಷ ಬದುಕಿ ತೀರಿಕೊಂಡ. ಸಾಯುವ ಹಿಂದಿನ ದಿನವೂ ಅವನು ಬಾಯಿ ತೆರೆದು ಹೇಳಿದ್ದು ಒಂದೇ. "ಎರಡು ತೂತು ಬಾಕಿ ಇತ್ತಮ್ಮ."

ಹೊಳಲ್ಕೆರೆಯ ತೋಟದ ಮನೆಯಲ್ಲಿ ಜೀಪು ತಗಡಿನ ಚಪ್ಪರದಡಿ ನಿಂತಿತ್ತು. ಮೋಹನ್‌ಕುಮಾರ್ ಹೊದಿಕೆ ಎಳೆಯಲು ಹೋದ.

"ನಿಲ್ಲು. ನಾನು ಈ ಕಡೆ ತಿರುಗಿ ನಿಂತ್ಕಂತೀನಿ. ನಾನು ನೋಡಲ್ಲ, ಹೇಳ್ತೀನಿ. ನೀನು ನೋಡು."

"ಏನಕ್ಕಾ ಇದು, ಜ್ಯೋತಿಷ್ಯಾನಾ?" ಅಂತ ನಕ್ಕ ಅವನು.

"ಮುಂದಿನ ಬಂಪರಿನ ಬೋಲ್ಟು ನೋಡು. ಯಾವುದಾದ್ರೂ ಹಳೇದು ಉಳಿದಿದ್ರೆ ತಲೆ ಮೇಲೆ ಎಫ್ ಅಕ್ಷರ ಇರ್ತದೆ."

ಅವನು ಬಗ್ಗಿ ಫೋನಿನ ಬೆಳಕು ಬಿಟ್ಟ. "ಒಂದರಾಗೆ ಐತೆ! ಅಂದ್ರೆ ಫೋರ್ಡಿಂದು! ಯುದ್ಧದ ಕಾಲದ್ದೇ! ಅಕ್ಕಾ, ನೀವು..."

"ಕುಣೀಬ್ಯಾಡ, ಇನ್ನೂ ಐತೆ. ಎಡಗಡೆ ಕಾಲಿಡೋ ಜಾಗದಾಗೆ, ಮುಂದಿನ ತಗಡಿಗೆ ರೊಟ್ಟಿಯಗಲ ಒಂದು ತೇಪೆ ಇರ್ಬೇಕು. ಸ್ಟೇರಿಂಗಿನ ಕೊಳವೆ ಮೊದ್ಲು ಅಲ್ಲಿಂದ ಬರ್ತಿತ್ತು. ತೇಪೆ ತಗಡು ಸಮ ಇರಲ್ಲ, ಒಂಚೂರು ಬಾಗಿರ್ತದೆ. ಡಾಂಬರಿನ ಡ್ರಮ್ಮು ಕತ್ತರಿಸಿದ್ದು."

ಅವನು ಒಳಗೆ ತೂರಿ ಕೈಯಾಡಿಸಿದ. ಈಗ ನಗು ಇರಲಿಲ್ಲ. "ಹೌದು. ಬಾಗೈತೆ."

"ಬೆಸುಗೆ ನೋಡು. ಮೀನಿನ ಹುರುಪೆ ಹಂಗೆ ಐತಾ? ಈಗ ಪಕ್ಕದಾಗೆ ಯಾವುದಾದ್ರೂ ಬ್ಯಾರೆ ಬೆಸುಗೆ ನೋಡು. ಅದರ ಹುರುಪೆ ಒಂದು ಕಡೀಕೆ, ಇದರದ್ದು ಇನ್ನೊಂದು ಕಡೀಕೆ. ಯಾಕಂದ್ರೆ ಇದನ್ನ ಹಾಕಿದಾತ ಎಡಚ."

ಎರಡು ಬೆಸುಗೆಗೂ ಬೆರಳಾಡಿಸಿ ನೋಡಿದ. ಆಮೇಲೆ ಅವನು ಹೊರಗೆ ಬಂದು ಅವಳ ಬೆನ್ನನ್ನೇ ನೋಡುತ್ತಾ ಕೇಳಿದ, "ಅಕ್ಕಾ, ನಿಮಗೆ ಈ ಗಾಡಿ ಹೆಂಗೆ ಗೊತ್ತು?"

"ಕಡೇದು ಒಂದೈತೆ. ಹಿಂದುಗಡೆ ಎಡಕ್ಕೆ, ಹುಡ್ಡಿನ ಕಮಾನಿನ ಬ್ರಾಕೆಟ್ಟು. ಎಷ್ಟು ಬೋಲ್ಟು ಅವೆ?"

"ಎರಡು. ಬಲಕ್ಕೆ ನಾಲ್ಕು ಅವೆ. ಇಲ್ಲಿ ಎರಡು ಬಿದ್ದೋಗಿರ್ಬೇಕು ಅಂತ..."

"ಬಿದ್ದಿಲ್ಲ. ಹಾಕೇ ಇಲ್ಲ. ಬ್ರಾಕೆಟ್ಟು ಬಿಚ್ಚಿ ಹಿಂದಿನ ತಗಡು ನೋಡು. ತೂತಿರಲ್ಲ. ಸೂಜಿ ಮೊನೆಯಷ್ಟು ಎರಡು ಕುಳಿ ಇರ್ತವೆ. ಬಣ್ಣ ಕೆರೆದು ನೋಡು."

"ಹೊಸಾ ಬಣ್ಣ ಅಕ್ಕಾ..."

"ಕೆರಿ!"

ಚಪ್ಪರದ ಮೇಲೆ ಕೂತಿದ್ದ ಪಾರಿವಾಳಗಳು ಹಾರಿ ಹೋದವು. ಮೋಹನ್‌ಕುಮಾರ್ ಸ್ಪ್ಯಾನರು ತಂದು ಬಿಚ್ಚಿದ, ಬ್ಲೇಡಿನಿಂದ ಕೆರೆದ. ಹಸಿರಿನ ಕೆಳಗೆ ಕಾವಿ, ಕಾವಿಯ ಕೆಳಗೆ ಹಳೆಯ ಹಸಿರು, ಅದರ ಕೆಳಗೆ ಬರಿ ತಗಡು. ಎರಡು ಕುಳಿ.

ಆಗ ಶರೀಫಕ್ಕ ತಿರುಗಿದಳು. ನಲವತ್ತಾರು ವರ್ಷದ ಮೇಲೆ ಆ ಜೀಪನ್ನು ನೋಡಿದಳು. ಅಳು ಬರುತ್ತದೇನೋ ಅಂದುಕೊಂಡಿದ್ದಳು ದಾರಿಯುದ್ದಕ್ಕೂ. ಬರಲಿಲ್ಲ. ಹೋಗಿ ಆ ಕುಳಿಗಳ ಮೇಲೆ ಬೆರಳಿಟ್ಟಳು.

"ನಿಮ್ಮಜ್ಜನ ಕಳುವಾದ ಜೀಪು ಇದೇ ಕಣಪ್ಪ. ಅದನ್ನ ಮಾರ್ಕಂಡು ತಿಂದ ಮಿಸ್ತ್ರಿ ನಮ್ಮಪ್ಪ. ತಿಂದಿದ್ದು ಎಲ್ಲೈತೆ ತೋರಿಸು ಈಗ. ಬಂಪರು ಐತೆ. ಚಕ್ರ ಐತೆ. ನಿಮ್ಮ ಗೋದಾಮಿನಾಗೆ, ನಿಮ್ಮ ಗೋಡೆ ಹಿಂದೆ, ನಿಮ್ಮ ಆಳಿನ ಕಾವಲಾಗೆ ಇತ್ತು. ನಮ್ಮಪ್ಪ ಎಲ್ಲಿ ತಿಂದ?"

ಮೋಹನ್‌ಕುಮಾರ್ ಜೀಪಿನ ಮಡ್‌ಗಾರ್ಡಿನ ಮೇಲೆ ಕೂತುಬಿಟ್ಟ. ಅಜ್ಜನ ತಮ್ಮ, ಚಿಕ್ಕಜ್ಜ, ಸಾಯುವವರೆಗೂ ಪಾಲಿನ ಮಾತೆತ್ತಿ ಜಗಳವಾಡುತ್ತಿದ್ದದ್ದು ಅವನಿಗೆ ಗೊತ್ತಿತ್ತು. ಯಾರೂ ಹೇಳಿಕೊಡದೆ ಲೆಕ್ಕ ಕೂಡಿಕೊಂಡಿತು. ಮೆಲ್ಲಗೆ ಅಂದ, "ಅಕ್ಕಾ, ತಪ್ಪಾಗೈತೆ. ಆದ್ರೆ ದೊಡ್ಡೋರು ತೀರ್ಕಂಡವ್ರೆ. ಈಗ ಕೆದಕಿ ಏನು ಪ್ರಯೋಜನ? ಶೋನಾಗೆ ಬೋರ್ಡು ಇಡ್ತೀನಲ್ಲ, ಅದರ ಮೇಲೆ ನಿಮ್ಮಪ್ಪಾರ ಹೆಸರು ಬರಸ್ತೀನಿ. ಕೆಲಸ ಮಾಡಿದ ಮಿಸ್ತ್ರಿ ಜಬೀವುಲ್ಲಾ ಅಂತ. ದೊಡ್ಡ ಅಕ್ಷರದಾಗೆ."

"ಥೂ ನಿನ್ನ ಬೋರ್ಡಿಗೆ! ನಮ್ಮಪ್ಪನ ಕೆಲಸ ಚೆನ್ನಾಗಿತ್ತು ಅನ್ನೋದು ಯಾರಿಗೆ ಗೊತ್ತಿರ್ಲಿಲ್ಲ? ಅವನನ್ನ ಯಾರೂ ಕೆಟ್ಟ ಮಿಸ್ತ್ರಿ ಅಂದಿಲ್ಲ ಕಣೋ, ಕಳ್ಳ ಅಂದ್ರು. ದುರ್ಗದಾಗೆ ಅಂದ್ರಾ? ಹಿರಿಯೂರಾಗೆ, ನಮ್ಮ ಬೀದಿಯಾಗೆ, ನಿಮ್ಮಜ್ಜ ಕುರ್ಚಿ ಹಾಕ್ಕಂಡು ಅಂದ. ಅಲ್ಲಿಗೆ ತಗಂಡು ಬಾ ಇದನ್ನ. ನಾಳಿದ್ದು ಶುಕ್ರವಾರ, ಜುಮ್ಮಾ ಬಿಡೋ ಹೊತ್ತಿಗೆ. ಆ ಓಬಣ್ಣ ಇದರಾಗೆ ಕುಂತ್ಕಂಡು ಬರ್ಬೇಕು."

"ಅವರಿಗೆ ಎಪ್ಪತ್ತೈದಾಗೈತೆ ಅಕ್ಕಾ, ಕಣ್ಣು ಮಂಜು..."

"ಕಣ್ಣಿಗೇನೂ ಕೆಲಸ ಇಲ್ಲ. ಬಾಯಿ ಐತಲ್ಲ?"

"ಬರದಿದ್ರೆ?"

"ಬರ್ದಿದ್ರೆ ನಾನು ಬರ್ತೀನಿ. ಕೋಟೆ ಕೆಳಗೆ ನಿನ್ನ ಬೋರ್ಡಿನ ಪಕ್ಕದಾಗೆ ಸ್ಟೂಲು ಹಾಕ್ಕಂಡು ಕೂರ್ತೀನಿ. ಬಂದವರಿಗೆಲ್ಲ ಆ ಎರಡು ಕುಳಿ ತೋರಿಸ್ತೀನಿ. ನಿನ್ನ ಗ್ರೂಪಿನೋರಿಗೆ ಯಾವ ಗಾಡಿ ಅಂತ ಗೊತ್ತಾಗ್ಬೇಕಿತ್ತಲ್ಲ, ಗೊತ್ತಾಗ್ಲಿ."

ಹೊಳಲ್ಕೆರೆಯಿಂದ ಬಸ್ಸು ಹತ್ತಿ ಬಂದಳು. ಅವನ ಕಾರು ಹತ್ತಲಿಲ್ಲ.

ಶುಕ್ರವಾರ ಅವಳು ಮೆಷಿನ್ನಿಗೆ ಕೂರಲಿಲ್ಲ. ಬೆಳಿಗ್ಗೆಯೇ ಅಪ್ಪನ ಕೈಡ್ರಿಲ್ಲು ತೆಗೆದಳು, ಎದೆಗೆ ಒತ್ತಿಕೊಂಡು ಹಿಡಿ ತಿರುಗಿಸುವಂಥದ್ದು. ಎಣ್ಣೆ ಬಿಟ್ಟಳು. ಬಿಟ್ಟಿನ ಮೊನೆ ಮಸೆದಳು. ಮುಝಫರ್ ಬಂದು, "ಕರೆಂಟಿನ ಡ್ರಿಲ್ಲು ನನ್ನತ್ರ ಐತಲ್ಲ ಆಪಾ, ಎರಡು ನಿಮಿಷದ ಕೆಲಸ," ಅಂದ. ಅವಳು ನೋಡಿದ ನೋಟಕ್ಕೆ ವಾಪಸ್ಸು ಹೋದ.

ನಮಾಜು ಬಿಟ್ಟು ಜನ ಬೀದಿಗಿಳಿಯುವ ಹೊತ್ತಿಗೆ ಸರಿಯಾಗಿ ಜೀಪು ಬಂತು. ಮೋಹನ್‌ಕುಮಾರನೇ ಓಡಿಸುತ್ತಿದ್ದ. ಅವನ ಮುಖ ಇದ್ದ ರೀತಿ ನೋಡಿದರೆ ಹೆದರಿ ಬಂದನೋ, ನಾಚಿ ಬಂದನೋ ಹೇಳುವುದು ಕಷ್ಟ. ಬಂದನಲ್ಲ. ಎಡಗಡೆ ಸೀಟಿನಲ್ಲಿ ಒಬ್ಬ ಮುದುಕ, ತಲೆಗೆ ಟವೆಲ್ಲು, ಎರಡೂ ಕೈಯಿಂದ ಕಂಬಿ ಹಿಡಿದು ಕೂತಿದ್ದ.

ಎಪ್ಪತ್ತು ದಾಟಿದ ನಾಲ್ಕಾರು ಮಂದಿ ನಿಂತರು. ಅವರು ನಿಂತದ್ದಕ್ಕೆ ಉಳಿದವರೂ ನಿಂತರು. ಶರೀಫಕ್ಕನ ಶೆಡ್ಡಿಗೆ ಬಂದ ಶತ್ರುವಿಗೂ ಮೊದಲು ನೀರು ಸಿಗುತ್ತದೆ. ಆವತ್ತು ನೀರಿನ ಕೊಡದ ಮೇಲೆ ಲೋಟ ಬೋರಲಾಗಿಯೇ ಇತ್ತು.

ಓಬಣ್ಣ ಇಳಿದ. ಮಂಜುಗಣ್ಣನ್ನು ಕಿರಿದು ಮಾಡಿಕೊಂಡು, "ಶರೀಫಾ ಏನಮ್ಮ?" ಅಂದ.

"ಅಮ್ಮ ಗಿಮ್ಮ ಬ್ಯಾಡ. ಈ ಬ್ರಾಕೆಟ್ಟು ಒತ್ತಿ ಹಿಡಿ. ಆವತ್ತು ನಾನು ಹಿಡಿದಿದ್ದೆ. ಇವತ್ತು ನೀನು ಹಿಡಿ."

ಅವನು ಹಿಡಿದ. ಅವಳು ಡ್ರಿಲ್ಲನ್ನು ಎದೆಗೊತ್ತಿಕೊಂಡು ಬಿಟ್ಟಿನ ಮೊನೆಯನ್ನು ಅಪ್ಪ ಹೊಡೆದಿದ್ದ ಕುಳಿಗೆ ಇಟ್ಟಳು. ಒಂದು ಕೂದಲೆಳೆಯಷ್ಟೂ ಜಾರದೆ ಅಲ್ಲೇ ಕೂತಿತು. ತಿರುಗಿಸಿದಳು. ಕಬ್ಬಿಣದ ಸುರುಳಿ ಸಣ್ಣಗೆ ಸುತ್ತಿಕೊಂಡು ಓಬಣ್ಣನ ಕೈಮೇಲೆ ಬಿತ್ತು, ಬಿಸಿ ಇರಬೇಕು, ಅವನು ಕೈ ತೆಗೆಯಲಿಲ್ಲ. ಆ ಕಿರ್ ಕಿರ್ ಬೀದಿಯ ತುದಿಯವರೆಗೂ ಕೇಳುತ್ತಿತ್ತು.

"ಈ ಗಾಡಿ ಇಲ್ಲಿಂದ ಯಾರು ಒಯ್ದಿದ್ದು?" ಅಂತ ಕೇಳಿದಳು, ಹಿಡಿ ತಿರುಗಿಸುತ್ತಲೇ.

ಓಬಣ್ಣ ಏನೋ ಅಂದ.

"ನಂಗೆ ಕೇಳಿಸ್ತು. ಅವರಿಗೆ ಕೇಳಿಸ್ಲಿಲ್ಲ."

"ನಾನೇ ಒಯ್ದಿದ್ದು." ಮುದುಕ ಮುಖವನ್ನು ಗುಂಪಿನ ಕಡೆ ತಿರುಗಿಸಿದ. "ಮಿಸ್ತ್ರಿ ಕೊಟ್ಟ, ನಾನು ಒಯ್ದೆ. ಧಣಿ ಗೋಡೆ ಕಟ್ಟಿಸಿದ್ರು. ನಾನು ಇಲ್ಲಿಗೆ ಬಂದು ಸುಳ್ಳಾಣೆ ಮಾಡ್ದೆ. ಮೂರು ಮಕ್ಕಳಿದ್ವು ತಾಯಿ, ಕೆಲಸ ಹೋಗ್ತದೆ ಅಂತ..."

"ನಮ್ಮಪ್ಪಗೂ ಇದ್ವು. ನಾಲ್ಕು."

ಎರಡನೇ ತೂತೂ ಮುಗಿಯಿತು. ಶರೀಫಕ್ಕ ಬೋಲ್ಟು ತೂರಿಸಿ ನಟ್ಟು ಬಿಗಿದಳು, ಸ್ಪ್ಯಾನರನ್ನು ಒಮ್ಮೆ ಜಗ್ಗಿ ನೋಡಿದಳು. ಗುಂಪಿನಲ್ಲಿ ಒಬ್ಬ ಮುದುಕ, ಆವತ್ತು ನಕ್ಕವರಲ್ಲಿ ಒಬ್ಬ, "ಮಿಸ್ತ್ರಿ ಬಾಳ ಒಳ್ಳೆ ಮನುಷ್ಯ ಇದ್ದ ಬಿಡಮ್ಮ, ನಮಗೆ ಆವಾಗ್ಲೇ ಅನಿಸಿತ್ತು," ಅಂತ ಮುಂದೆ ಬಂದ.

"ಅನಿಸಿತ್ತಾ ಚಾಚಾ? ಆವಾಗ್ಲೇ? ಮತ್ತೆ ಬಾಯಿಗೆ ಏನು ತುಂಬ್ಕಂಡಿದ್ರಿ?"

ಅವನು ಹಿಂದಕ್ಕೆ ಸರಿದು ಗುಂಪಿನಲ್ಲಿ ಸೇರಿಕೊಂಡ.

"ಅಕ್ಕಾ, ಹುಡ್ಡಿನ ಅಳತೆ ತಗಂತೀರಾ?" ಅಂದ ಮೋಹನ್‌ಕುಮಾರ್, ಈಗಲಾದರೂ ತಣ್ಣಗಾಗಿದ್ದಾಳೇನೋ ಅಂತ.

"ಇದಕ್ಕೆ ಹುಡ್ಡು ಬ್ಯಾರೆ ಕಡೆ ಹೊಲಿಸ್ಕ. ನಮ್ಮಪ್ಪ ಒಪ್ಪಿಕಂಡಿದ್ದ ಕೆಲಸ ಇಷ್ಟೇ. ಸ್ಟೇರಿಂಗು, ಕಮಾನು. ಮುಗೀತು. ಗಾಡಿ ತಗಂಡು ಹೋಗ್ರಿ."

ಹಾಗೆಂದವಳು ಶೆಡ್ಡಿನೊಳಗೆ ಹೋಗಿ ಚೀಟಿಯ ಪುಸ್ತಕ ತಂದಳು. ಬಾನೆಟ್ಟಿನ ಮೇಲೆ ಇಟ್ಟು ತಾನೇ ಬರೆದಳು. ಜಬೀವುಲ್ಲಾ ಮಿಸ್ತ್ರಿಯಿಂದ ಪರಮೇಶ್ವರಪ್ಪನವರ ಜೀಪು ಮುಟ್ಟಿತು. ಪೆನ್ನನ್ನು ಓಬಣ್ಣನ ಕಡೆ ಚಾಚಿದಳು.

ಅವನು ಕಾಗದವನ್ನು ಮೂಗಿನ ಹತ್ತಿರ ಹಿಡಿದು ಓದಿದ. ಹೆಸರು ಬರೆದ, ಒಂದೊಂದೇ ಅಕ್ಷರ. ಬರೆದು ತಲೆಯೆತ್ತಿ ಕೇಳಿದ, "ತಾರೀಕು ಇವತ್ತಿಂದು ಹಾಕ್ಲಾ ತಾಯಿ?"

"ಇವತ್ತು ನೀನೇನು ಒಯ್ದೆ?" ಅಂದಳು ಶರೀಫಕ್ಕ. "ಹಾಕು. ಹದಿನೇಳು, ಹನ್ನೊಂದು, ಎಪ್ಪತ್ತೆಂಟು."